ಹಳೆ ಡಬ್ಬಕ್ಕೆ ಆತುರ ಬೇಡ

ಮನೆ ಖಾಲಿ ಮಾಡುವವರು ಕೊಟ್ಟರೆಂದೋ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದೋ ಚೀಲದ ತುಂಬ ಪ್ಲಾಸ್ಟಿಕ್ ಡಬ್ಬ ತರುತ್ತೀರಿ. ತಂದದ್ದು ತಪ್ಪಲ್ಲ. ಗಟ್ಟಿಮುಟ್ಟಾದ ಡಬ್ಬ ಕಸದ ಗಾಡಿ ಹತ್ತುವುದಕ್ಕಿಂತ ನಿಮ್ಮ ಅಡುಗೆಮನೆ ಸೇರುವುದೇ ಲೇಸು. ಆದರೆ ತಂದ ಸಂಜೆಯೇ ಒಂದು ಸಲ ಸೋಪು ಹಾಕಿ ತೊಳೆದು, ಒರೆಸಿದ ಶಾಸ್ತ್ರ ಮಾಡಿ ರವೆ ತುಂಬಿಬಿಡುತ್ತೀರಲ್ಲ, ಅದು ಸರಿಯಲ್ಲ. ನಾಲ್ಕು ದಿನ ಕಳೆಯುವಷ್ಟರಲ್ಲಿ ನಿಮ್ಮ ಉಪ್ಪಿಟ್ಟಿಗೆ ಇನ್ಯಾರದೋ ಮನೆಯ ಉಪ್ಪಿನಕಾಯಿ ವಾಸನೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ತರುವಾಗಲೇ ಕೇಳಿ: ಇದರಲ್ಲಿ ಏನಿಟ್ಟಿದ್ದಿರಿ? ಕೇಳುವುದಕ್ಕೆ ಸಂಕೋಚ ಯಾಕೆ? ಸೀಮೆಎಣ್ಣೆ, ಫಿನಾಯಿಲ್, ಬಣ್ಣ, ನುಸಿಗುಳಿಗೆ, ಗಿಡದ ಔಷಧಿ ಇಟ್ಟಿದ್ದ ಡಬ್ಬ ಎಷ್ಟೇ ಚೆಂದ ಇರಲಿ, ಊಟದ ಪದಾರ್ಥಕ್ಕೆ ಬೇಡವೇ ಬೇಡ. ವಾಸನೆ ಹೋದರೂ ಬೇಡ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಬುದ್ಧಿಯನ್ನು ಇಲ್ಲಿ ಬದಿಗಿಡಿ. ಬಿರುಕು ಬಿಟ್ಟದ್ದು, ಒಳಗೆಲ್ಲ ಗೀರು ಬಿದ್ದದ್ದು, ಮುಟ್ಟಿದರೆ ಅಂಟುವಂಥದ್ದು ಕೂಡ ಬೇಡ.

ಈಗ ವಾಸನೆಯ ವಿಷಯ. ಇಂಗು, ಬೆಳ್ಳುಳ್ಳಿ, ಮಸಾಲೆಗಳ ಘಾಟು ಎಣ್ಣೆಯಲ್ಲಿ ಕರಗುವ ಜಾತಿಯದು. ನಮ್ಮ ಡಬ್ಬಗಳ ಪ್ಲಾಸ್ಟಿಕ್ಕಿಗೂ ಎಣ್ಣೆಗೂ ಬಲು ಸ್ನೇಹ. ಹಾಗಾಗಿ ಘಾಟು ಮೇಲೆ ಕೂರದೆ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿದಿರುತ್ತದೆ. ಎಷ್ಟು ತಿಂಗಳು ಕೂತು ಒಳಗಿಳಿದಿದೆಯೋ, ಹೊರಬರಲು ಅದಕ್ಕೂ ಸ್ವಲ್ಪ ಸಮಯ ಕೊಡಬೇಕು. ಸ್ಟೀಲ್ ನಾರು ಹಿಡಿದು ಗಸಗಸ ಉಜ್ಜಿದರೆ ಗೀರು ಬೀಳುತ್ತದೆ, ಮುಂದಿನ ಜಿಡ್ಡಿಗೆ ನೀವೇ ಜಾಗ ಮಾಡಿಕೊಟ್ಟಂತೆ. ಮೆತ್ತನೆಯ ಸ್ಪಂಜು ಸಾಕು.

ಮೊದಲು ಜಿಡ್ಡು ತೆಗೆಯಿರಿ. ಒಣ ಡಬ್ಬಕ್ಕೆ ಕಡಲೆಹಿಟ್ಟೋ ಸೀಗೆಪುಡಿಯೋ ಉದುರಿಸಿ, ಮೂಲೆಮೂಲೆಗೂ ತಿಕ್ಕಿ, ಆಮೇಲೆ ಪಾತ್ರೆ ಸೋಪು, ಬೆಚ್ಚನೆಯ ನೀರು. ಕುದಿಯುವ ನೀರು ಸುರಿಯಬೇಡಿ. ತಳದ ತ್ರಿಕೋನದೊಳಗೆ 1 ಎಂದಿದ್ದರೆ ಆ ತೆಳು ಪಾರದರ್ಶಕ ಡಬ್ಬ ಅಷ್ಟು ಬಿಸಿಗೆ ಸೊಟ್ಟಗಾಗುತ್ತದೆ. 5 ಇರುವುದು ಪಾಲಿಪ್ರೊಪಿಲೀನ್, ಬಿಸಿ ತಡೆಯುತ್ತದೆ.

ಆಮೇಲೆ ಮುಚ್ಚಳ. ಎಲ್ಲರೂ ಎಡವುವುದು ಇಲ್ಲೇ. ಡಬ್ಬ ಪಳಪಳ ಹೊಳೆಯುತ್ತಿರುತ್ತದೆ, ಮುಚ್ಚಳದ ಸುತ್ತ ಇರುವ ವಾಷರನ್ನು ಮಾತ್ರ ಯಾರೂ ಬಿಚ್ಚಿರುವುದಿಲ್ಲ. ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿ ನೋಡಿ: ಆ ಸಣ್ಣ ಕಾಲುವೆಯಲ್ಲಿ ಕಪ್ಪಗೆ ಗೆರೆ ಕಟ್ಟಿದ ಎಣ್ಣೆ, ಹಿಟ್ಟು, ಒಂದೆರಡು ಸಾಸಿವೆ ಕಾಳು. ಅರ್ಧ ನಾತ ಅಲ್ಲಿಯದೇ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಆ ಸಂದಿಯನ್ನು ತಿಕ್ಕಿ. ಸಿಲಿಕಾನ್ ವಾಷರಾದರೆ ಐದು ನಿಮಿಷ ಕುದಿಸಿದರೂ ಏನೂ ಆಗದು. ಮತ್ತೆ ಹಾಕುವ ಮೊದಲು ಪೂರ್ತಿ ಒಣಗಲಿ.

ನೆನೆಹಾಕುವಾಗ ವಾಸನೆ ಯಾವುದೆಂದು ಮೂಗಿಗೇ ಕೇಳಿ. ಹುಳಿ ನಾತ, ಹಳೆ ಎಣ್ಣೆಯ ಕಮಟು ಆಗಿದ್ದರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಚಮಚ ಅಡುಗೆ ಸೋಡಾ ಕದಡಿ ರಾತ್ರಿಯಿಡೀ ಬಿಡಿ. ಒಣಮೀನು ಇಟ್ಟಿದ್ದ ಡಬ್ಬಕ್ಕೆ ಸೋಡಾ ಪ್ರಯೋಜನವಿಲ್ಲ, ಹುಳಿಯೇ ಮದ್ದು. ಕರಾವಳಿಯವರು ಮೀನಿನ ಪಾತ್ರೆಗೆ ಹುಣಸೆಹುಳಿ ಹಚ್ಚುವುದು ಸುಮ್ಮನಲ್ಲ. ಹುಣಸೆ, ನಿಂಬೆ, ವಿನೆಗರ್ ಯಾವುದೂ ಆದೀತು. ಆದರೆ ಸೋಡಾಕ್ಕೆ ವಿನೆಗರ್ ಸುರಿದು ಬುಸಬುಸ ನೊರೆ ನೋಡಿ ಖುಷಿಪಡಬೇಡಿ. ಒಂದು ಇನ್ನೊಂದರ ಶಕ್ತಿಯನ್ನು ತಿಂದು ಕೊನೆಗೆ ಎರಡೂ ಸಪ್ಪೆ. ಇನ್ನೊಂದು ಮಾತು, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ: ಬ್ಲೀಚನ್ನು ವಿನೆಗರ್ ಜೊತೆಗಾಗಲಿ ನಿಂಬೆಹುಳಿಯ ಜೊತೆಗಾಗಲಿ ಸೇರಿಸಲೇಬೇಡಿ. ಕ್ಲೋರಿನ್ ಅನಿಲ ಎದ್ದು ಎದೆ ಹಿಡಿಯುತ್ತದೆ.

ತೊಳೆದ ಮೇಲೆ ಬಿಸಿಲು. ಬಾಯಿ ತೆರೆದು, ಮುಚ್ಚಳ ಬೇರೆ ಇಟ್ಟು, ಎರಡು ಮೂರು ದಿನ ಅರ್ಧರ್ಧ ಹೊತ್ತು ಬಿಸಿಲಿಗಿಡಿ. ಅರಿಸಿನದ ಕಲೆ ಕೂಡ ಬಿಸಿಲಿಗೆ ಮಂಕಾಗುತ್ತದೆ, ಅದಕ್ಕೆ ಬೇರೆ ತಿಕ್ಕಾಟ ಬೇಡ. ಹಾಗೆಂದು ತಾರಸಿಯ ಮೇಲೆ ತಿಂಗಳುಗಟ್ಟಲೆ ಮರೆತುಬಿಟ್ಟೀರಿ, ಪ್ಲಾಸ್ಟಿಕ್ ಪುಡಿಪುಡಿಯಾದೀತು. ಮಳೆಗಾಲದಲ್ಲಿ ಒಂದೆರಡು ಒಣ ಇದ್ದಿಲ ಚೂರನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟು ಮುಚ್ಚಿ, ಎರಡು ದಿನಕ್ಕೊಮ್ಮೆ ಬದಲಿಸಿ. ಕರ್ಪೂರ, ಊದುಬತ್ತಿಯ ಹೊಗೆ ಹಿಡಿಸುವವರಿದ್ದಾರೆ, ದಯವಿಟ್ಟು ಬೇಡ. ನಾತದ ಮೇಲೆ ಪರಿಮಳ ಸೇರಿದರೆ ಆಮೇಲೆ ಎರಡನ್ನೂ ಬಿಡಿಸಬೇಕು.

ಗೆದ್ದಿರೋ ಇಲ್ಲವೋ ತಿಳಿಯಬೇಕಾದರೆ ರಾತ್ರಿ ಖಾಲಿ ಡಬ್ಬದ ಮುಚ್ಚಳ ಬಿಗಿದಿಟ್ಟು ಬೆಳಿಗ್ಗೆ ತೆರೆದು ಮೂಸಿ. ಇನ್ನೂ ಇದ್ದರೆ ಇನ್ನೊಂದು ಸುತ್ತು. ತಾಳಿದವನು ಬಾಳಿಯಾನು. ಎರಡು ಮೂರು ಸುತ್ತಾದರೂ ಜಗ್ಗದಿದ್ದರೆ ಆ ಡಬ್ಬಕ್ಕೆ ಗುಂಡಿ, ಸೂಜಿದಾರ, ಮೊಳೆ ತುಂಬಿ, ಇಲ್ಲವೇ ತಳಕ್ಕೆ ತೂತು ಹಾಕಿ ಪುದೀನ ನೆಡಿ. ಗೆದ್ದ ಡಬ್ಬಕ್ಕೂ ಮೊದಲ ತಿಂಗಳು ಕಲ್ಲುಪ್ಪೋ ಇಡೀ ಹೆಸರುಕಾಳೋ ಹಾಕಿ. ರವೆ, ಹಾಲಿನ ಪುಡಿ, ಟೀ ಸೊಪ್ಪು ಬೇಗ ವಾಸನೆ ಎಳೆದುಕೊಳ್ಳುತ್ತವೆ, ಅವುಗಳ ಸರದಿ ಆಮೇಲೆ ಬರಲಿ. ಕಾಫಿಪುಡಿಗಂತೂ ಸ್ಟೀಲ್ ಡಬ್ಬವೇ ಇರಲಿ.