ಹೊತ್ತೇರಿದ ಮೇಲೆ ಎರಡು ರಕಅತ್: ಳುಹಾ ನಮಾಝ್ ಹಂತ ಹಂತವಾಗಿ

ಫಜ್ರ್ ಮುಗಿದರೆ ಝುಹರ್‌ವರೆಗೆ ಕಡ್ಡಾಯ ನಮಾಝ್ ಯಾವುದೂ ಇಲ್ಲ. ಆ ಬಿಡುವಿನಲ್ಲಿ ಸ್ವಇಚ್ಛೆಯಿಂದ ಮಾಡುವುದು ಳುಹಾ. ಉರ್ದು ಮಾತಾಡುವ ಮನೆಗಳಲ್ಲಿ ಅದು ಚಾಶ್ತ್. ಮಾಡಿದರೆ ಪುಣ್ಯ, ಬಿಟ್ಟರೆ ಪಾಪವಿಲ್ಲ. ಐದು ಹೊತ್ತಿನ ನಮಾಝ್ ಬಲ್ಲವರು ಹೊಸದಾಗಿ ಕಲಿಯಬೇಕಾದದ್ದು ಮುಖ್ಯವಾಗಿ ಅದರ ಹೊತ್ತನ್ನು.

1. ಹೊತ್ತು ನೋಡಿಕೊಳ್ಳಿ. ಸೂರ್ಯ ಮೂಡುತ್ತಿರುವಾಗ ನಮಾಝ್ ನಿಷಿದ್ಧ. ಅವನು ಈಟಿಯಷ್ಟು ಮೇಲೇರಬೇಕು, ಅಂದರೆ ಉದಯವಾಗಿ 15–20 ನಿಮಿಷ ಕಳೆಯಬೇಕು. ನೆತ್ತಿಗೆ ಬರುವ ಮೊದಲೇ ಮುಗಿಸಬೇಕು. ಕ್ಯಾಲೆಂಡರಿನಲ್ಲಿ ಉದಯ 6.30, ಝುಹರ್ ಆರಂಭ 12.30 ಎಂದಿದ್ದರೆ ನಿಮಗೆ 6.50ರಿಂದ 12.15ರವರೆಗೆ ಅವಕಾಶ. ಉದಯದ ಬೆನ್ನಿಗೇ ಮಾಡುವುದನ್ನು ಹನಫಿಗಳಲ್ಲಿ ಹಲವರು ಇಶ್ರಾಕ್ ಎಂದು ಬೇರೆಯಾಗಿಯೇ ಎಣಿಸುತ್ತಾರೆ. ಳುಹಾಕ್ಕೆ ಶ್ರೇಷ್ಠ ಹೊತ್ತು ಬಿಸಿಲು ಕಾದ ಮೇಲಿನದು: ಒಂಟೆಮರಿಗಳ ಕಾಲು ಮರಳಿನಲ್ಲಿ ಚುರುಗುಟ್ಟುವ ಹೊತ್ತನ್ನು ಸಹೀಹ್ ಮುಸ್ಲಿಮ್‌ನ ಹದೀಸೊಂದು ಹೆಸರಿಸುತ್ತದೆ. ಹಗಲಿನ ಕಾಲುಭಾಗ ಸರಿದಾಗ ಎಂಬುದು ಶಾಫಿಈ ವಿದ್ವಾಂಸರ ಲೆಕ್ಕ. ಮೇಲಿನ ಉದಾಹರಣೆಯಲ್ಲಿ ಅದು ಒಂಬತ್ತೂವರೆ, ಕಚೇರಿ, ಅಂಗಡಿ, ಅಡುಗೆಮನೆ ಎಲ್ಲವೂ ನಮ್ಮನ್ನು ಎಳೆಯುವ ಸಮಯ. ಅದರಿಂದ ಎದ್ದು ಬರುವುದರಲ್ಲೇ ಈ ನಮಾಝಿನ ತೂಕವಿದೆ ಎಂದು ನನಗನಿಸುತ್ತದೆ.

2. ರಕಅತ್ ಎಷ್ಟೆಂದು ನಿರ್ಧರಿಸಿ. ಕನಿಷ್ಠ ಎರಡು. ಪ್ರವಾದಿಯವರು ಅಬೂಹುರೈರಾರಿಗೆ ಬಿಡಬೇಡ ಎಂದು ಉಪದೇಶಿಸಿದ್ದೂ ಎರಡನ್ನೇ. ಪ್ರವಾದಿಯವರು ನಾಲ್ಕು ಮಾಡುತ್ತಿದ್ದರೆಂದು, ಕೆಲವೊಮ್ಮೆ ಹೆಚ್ಚೂ ಮಾಡುತ್ತಿದ್ದರೆಂದು ಆಯಿಶಾರ ವರದಿ. ಹಿಜರಿ 8ರಲ್ಲಿ, ಮಕ್ಕಾ ವಿಜಯದ ದಿನ, ಎಂಟು ಮಾಡಿದ್ದನ್ನು ಕಂಡವರು ಉಮ್ಮುಹಾನಿ. ಆದರೂ ಹೊಸಬರು ಎಂಟಕ್ಕೆ ಕೈಹಾಕಿ ವಾರದಲ್ಲೇ ಬಿಟ್ಟುಬಿಡುವುದಕ್ಕಿಂತ ಎರಡಕ್ಕೆ ನಿಲ್ಲುವುದು ಮೇಲು.

3. ವುಝೂ ಮಾಡಿ ಕಿಬ್ಲಾದತ್ತ ನಿಲ್ಲಿ. ಕರ್ನಾಟಕದಿಂದ ಅದು ಪಶ್ಚಿಮದಿಂದ ತುಸು ಉತ್ತರಕ್ಕೆ ವಾಲಿದ ದಿಕ್ಕು. ಬಾಂಗ್, ಇಕಾಮತ್ ಬೇಕಿಲ್ಲ. ಮನೆಯಲ್ಲಿ ಒಬ್ಬರೇ ಮಾಡಿದರಾಯಿತು.

4. ಎರಡು ರಕಅತ್ ಳುಹಾ ಎಂದು ಮನಸ್ಸಿನಲ್ಲಿ ನಿಯ್ಯತ್ ಮಾಡಿ, ತಕ್ಬೀರ್ ಹೇಳಿ ಕೈಕಟ್ಟಿ. ಮೆಲುದನಿಯಲ್ಲಿ ಫಾತಿಹಾ, ಬಳಿಕ ನಿಮಗೆ ಬರುವ ಯಾವುದಾದರೂ ಸೂರಾ ಓದಿ. 91ನೆಯ ಅಶ್ಶಮ್ಸ್, 93ನೆಯ ಅಳ್ಳುಹಾ ಓದುವ ರೂಢಿಯಿದೆ. ಬಾರದಿದ್ದರೆ ಇಖ್ಲಾಸ್ ಸಾಕು. ರುಕೂಅ್, ನೇರ ನಿಲುವು, ನಡುವೆ ಕುಳಿತು ಎರಡು ಸುಜೂದ್.

5. ಎದ್ದು ಎರಡನೆಯ ರಕಅತನ್ನೂ ಹಾಗೆಯೇ ಮಾಡಿ. ಕೊನೆಗೆ ಕುಳಿತು ಅತ್ತಹಿಯ್ಯಾತ್, ಸಲಾತ್ ಓದಿ ಬಲಕ್ಕೂ ಎಡಕ್ಕೂ ಸಲಾಮ್. ನಾಲ್ಕು ಮಾಡುವವರು ಎರಡೆರಡಕ್ಕೆ ಸಲಾಮ್ ಹೇಳಬಹುದು.

ಒಂದು ದಿನ ತಪ್ಪಿಹೋದರೆ? ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ ಅದನ್ನು ಕಝಾ ಮಾಡುವುದು ಸುನ್ನತ್. ಹನಫಿಗಳಲ್ಲಿ ಕಝಾ ಇಲ್ಲ, ಆದರೆ ನಫಿಲ್ ಶುರುಮಾಡಿ ನಡುವೆ ಮುರಿದರೆ ಮತ್ತೆ ಮಾಡಲೇಬೇಕು. ತಕ್ಬೀರಿಗೆ ಮೊದಲು ಮೊಬೈಲ್ ಸೈಲೆಂಟ್‌ಗೆ ಹಾಕಿ, ಒಲೆ ಆರಿಸಿ ಬನ್ನಿ.