ನೆನಪಿಸಿದವರಿಗೆ ಇಂಗ್ಲಿಷಿನಲ್ಲಿ ಏನು ಹೇಳಬೇಕು?

 

ಕಾಲೇಜಿಗೆ ಬಂದಾಗಿನಿಂದ ಮನೆ ಸೇರುವವರೆಗೆ ಯಾರಾದರೊಬ್ಬರು ನಿಮಗೆ ಏನನ್ನಾದರೂ ನೆನಪಿಸುತ್ತಲೇ ಇರುತ್ತಾರೆ. ಫಿಸಿಕ್ಸ್ ರೆಕಾರ್ಡ್ ಇನ್ನೂ ಬಂದಿಲ್ಲ, ಲೈಬ್ರರಿ ಪುಸ್ತಕದ ಅವಧಿ ಮುಗಿದಿದೆ, ಸ್ಕಾಲರ್‌ಶಿಪ್ ಅರ್ಜಿಗೆ ಆದಾಯ ಪ್ರಮಾಣಪತ್ರ ಕೊಟ್ಟಿಲ್ಲ. ಕನ್ನಡದಲ್ಲಿ ಕೇಳಿದರೆ ನೀವು ತಡವರಿಸದೆ ಉತ್ತರಿಸುತ್ತೀರಿ. ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಾಗ ಹೆಚ್ಚಿನವರು ತಲೆ ತಗ್ಗಿಸಿ ‘ಓಕೆ ಸರ್’ ಅಥವಾ ‘ಸಾರಿ ಸರ್’ ಎಂದು ಹೇಳಿ ಹೊರಟುಬಿಡುವುದನ್ನು ನಾನು ತರಗತಿಯಲ್ಲಿ ದಿನವೂ ನೋಡುತ್ತೇನೆ.

ಇದರಲ್ಲಿ ತೊಂದರೆ ಏನು? ‘ಓಕೆ’ ಎಂಬ ಒಂದೇ ಪದದಿಂದ ಎದುರಿಗಿರುವವರಿಗೆ ಏನೂ ತಿಳಿಯುವುದಿಲ್ಲ. ಕೆಲಸ ಆಗಿದೆಯೇ, ಆಗಬೇಕಿದೆಯೇ, ಯಾವಾಗ ಆಗುತ್ತದೆ? ಆಫೀಸಿನವರು ಅರ್ಜಿಯನ್ನು ಬದಿಗಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಕೊನೆಯ ದಿನಾಂಕ ಕಳೆದರೆ ನಷ್ಟ ನಿಮಗೇ. ಇನ್ನು ನಾಳೆ ಪದವಿ ಕಾಲೇಜಿನಲ್ಲಿ, ಕೆಲಸದಲ್ಲಿ ನಿಮ್ಮ ಮೌನವನ್ನು ಯಾರೂ ‘ಇಂಗ್ಲಿಷ್ ಬಾರದು’ ಎಂದು ಅರ್ಥ ಮಾಡಿಕೊಳ್ಳುವುದಿಲ್ಲ, ‘ಕಾಳಜಿ ಇಲ್ಲ’ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಅದು ನಿಮಗೆ ಆಗುವ ಅನ್ಯಾಯ. ನಾಲ್ಕಾರು ವಾಕ್ಯ ಕಲಿತರೆ ಅದನ್ನು ತಪ್ಪಿಸಬಹುದು.

ಉತ್ತರದ ಮೂರು ಭಾಗಗಳು

ನೆನಪಿಸಿದವರಿಗೆ ಕೊಡುವ ಒಳ್ಳೆಯ ಉತ್ತರದಲ್ಲಿ ಮೂರು ಸಂಗತಿಗಳಿರಬೇಕು.
1. ನೆನಪಿಸಿದ್ದಕ್ಕೆ ಧನ್ಯವಾದ.
2. ಕೆಲಸ ಈಗ ಯಾವ ಹಂತದಲ್ಲಿದೆ ಎಂಬ ನಿಜ.
3. ಯಾವಾಗ ಮುಗಿಸುತ್ತೇನೆ ಎಂಬ ಮಾತು.

ಮೊದಲ ಭಾಗ: ಧನ್ಯವಾದ

‘ಥ್ಯಾಂಕ್ಸ್ ಫಾರ್ ರಿಮೈಂಡಿಂಗ್ ಮಿ’ ಅಥವಾ ‘ಥ್ಯಾಂಕ್ ಯು ಫಾರ್ ದಿ ರಿಮೈಂಡರ್, ಸರ್’. ಎರಡೂ ಸರಿ. ‘ಫಾರ್’ ಬಂದ ಮೇಲೆ ಕ್ರಿಯಾಪದಕ್ಕೆ ‘ಇಂಗ್’ ಸೇರಬೇಕು. ‘ಥ್ಯಾಂಕ್ಸ್ ಫಾರ್ ರಿಮೈಂಡ್ ಮಿ’ ತಪ್ಪು. ‘ರಿಮೈಂಡಿಂಗ್’ ಆದಮೇಲೆ ‘ಮಿ’ ಬಿಡಬೇಡಿ. ಯಾರಿಗೆ ನೆನಪಿಸಿದರು ಎಂಬುದನ್ನು ಆ ಕ್ರಿಯಾಪದ ಕೇಳುತ್ತದೆ.

ಇಲ್ಲಿ ಅತಿ ಹೆಚ್ಚು ಕಾಣುವ ತಪ್ಪು ‘ಥ್ಯಾಂಕ್ಸ್ ಫಾರ್ ರಿಮೆಂಬರಿಂಗ್ ಮಿ’. ಇದರ ಅರ್ಥ ‘ನನ್ನನ್ನು ಮರೆಯದೆ ಇದ್ದದ್ದಕ್ಕೆ ಧನ್ಯವಾದ’ ಎಂದಾಗುತ್ತದೆ! ‘ರಿಮೆಂಬರ್’ ಎಂದರೆ ನಾವೇ ನೆನಪಿಟ್ಟುಕೊಳ್ಳುವುದು. ‘ರಿಮೈಂಡ್’ ಎಂದರೆ ಇನ್ನೊಬ್ಬರಿಗೆ ನೆನಪಿಸುವುದು. ಮನೆಯಲ್ಲಿ ಉರ್ದು ಮಾತಾಡುವವರಿಗೆ ಇದು ಸುಲಭ: ‘ಯಾದ್ ರಖ್ನಾ’ ರಿಮೆಂಬರ್, ‘ಯಾದ್ ದಿಲಾನಾ’ ರಿಮೈಂಡ್. ಹಾಗಾಗಿ ಗೆಳೆಯನಿಗೆ ‘ನಾಳೆ ನೆನಪು ಮಾಡು’ ಎನ್ನಬೇಕಾದರೆ ‘ರಿಮೈಂಡ್ ಮಿ ಟುಮಾರೊ’ ಎನ್ನಿ.

‘ರಿಮೈಂಡ್’ ಜೊತೆಗೆ ಬರುವ ಸಣ್ಣ ಪದಗಳನ್ನೂ ಗಮನಿಸಿ. ಮಾಡಬೇಕಾದ ಕೆಲಸಕ್ಕೆ ‘ಟು’: ‘ಪ್ಲೀಸ್ ರಿಮೈಂಡ್ ಮಿ ಟು ಬ್ರಿಂಗ್ ದಿ ಹಾಲ್ ಟಿಕೆಟ್’. ವಿಷಯಕ್ಕೆ ‘ಅಬೌಟ್’: ‘ಶಿ ರಿಮೈಂಡೆಡ್ ಮಿ ಅಬೌಟ್ ದಿ ಫೀ’. ಒಬ್ಬರನ್ನು ಕಂಡಾಗ ಇನ್ನೊಬ್ಬರ ನೆನಪಾದರೆ ‘ಆಫ್’: ‘ಯು ರಿಮೈಂಡ್ ಮಿ ಆಫ್ ಮೈ ಅಂಕಲ್’.

ಎರಡನೆಯ ಭಾಗ: ಇದ್ದದ್ದನ್ನು ಇದ್ದಂತೆ

ಮರೆತಿದ್ದರೆ ‘ಸಾರಿ, ಐ ಫರ್ಗಾಟ್’ ಸಾಕು. ಸಣ್ಣ ವಿಷಯವಾದರೆ ‘ಇಟ್ ಸ್ಲಿಪ್ಡ್ ಮೈ ಮೈಂಡ್’ ಎನ್ನಬಹುದು. ನಾವು ಕನ್ನಡದಲ್ಲಿ ‘ಮರೆತೇ ಹೋಯಿತು’ ಎನ್ನುತ್ತೇವಲ್ಲ, ಹಾಗೆ. ಆದರೆ ನಮ್ಮ ಮರೆವಿನಿಂದ ಇನ್ನೊಬ್ಬರಿಗೆ ತೊಂದರೆಯಾಗಿದ್ದರೆ ‘ಸ್ಲಿಪ್ಡ್’ ಎಂದು ಜಾರಿಕೊಳ್ಳಬಾರದು. ಆಗ ‘ಐ ಫರ್ಗಾಟ್. ಐ ಆ್ಯಮ್ ಸಾರಿ’ ಎಂದು ನೇರವಾಗಿ ಹೇಳುವುದೇ ಮರ್ಯಾದೆ.

ವಸ್ತುವನ್ನು ಮನೆಯಲ್ಲಿ ಬಿಟ್ಟು ಬಂದಾಗ ‘ಐ ಫರ್ಗಾಟ್ ಮೈ ರೆಕಾರ್ಡ್ ಅಟ್ ಹೋಮ್’ ಎನ್ನಬೇಡಿ. ಸ್ಥಳ ಹೇಳುವಾಗ ‘ಲೆಫ್ಟ್’ ಬಳಸಿ: ‘ಐ ಲೆಫ್ಟ್ ಮೈ ರೆಕಾರ್ಡ್ ಅಟ್ ಹೋಮ್’. ಸ್ಥಳ ಹೇಳದಿದ್ದರೆ ‘ಐ ಫರ್ಗಾಟ್ ಮೈ ರೆಕಾರ್ಡ್’ ಸರಿ.

ಕೆಲಸ ಆಗಲೇ ಮುಗಿದಿದ್ದರೆ ‘ಐ ಹ್ಯಾವ್ ಆಲ್ರೆಡಿ ಸಬ್ಮಿಟೆಡ್ ಇಟ್’. ಯಾವ ದಿನ ಎಂದು ಹೇಳಬೇಕಾದರೆ ‘ಹ್ಯಾವ್’ ಬಿಟ್ಟುಬಿಡಿ: ‘ಐ ಸಬ್ಮಿಟೆಡ್ ಇಟ್ ಯೆಸ್ಟರ್ಡೇ’. ‘ಹ್ಯಾವ್’ ಮತ್ತು ‘ಯೆಸ್ಟರ್ಡೇ’ ಒಂದೇ ವಾಕ್ಯದಲ್ಲಿ ಹೀಗೆ ಜೊತೆಯಾಗಿ ಬರುವುದಿಲ್ಲ. ಕೆಲಸ ನಡೆಯುತ್ತಿದ್ದರೆ ‘ಐ ಆ್ಯಮ್ ವರ್ಕಿಂಗ್ ಆನ್ ಇಟ್’.

ಕೆಲಸ ನಿಮಗೆ ನೆನಪಿದ್ದರೂ ‘ಐ ನೋ, ಐ ನೋ’ ಎನ್ನಬೇಡಿ. ಕನ್ನಡದಲ್ಲಿ ‘ಗೊತ್ತು ಬಿಡಿ’ ಎಂದಷ್ಟೇ ಒರಟಾಗಿ ಕೇಳುತ್ತದೆ. ‘ಯೆಸ್ ಮೇಡಂ, ಇಟ್ಸ್ ಆನ್ ಫ್ರೈಡೇ. ಥ್ಯಾಂಕ್ ಯು’ ಎಂದರೆ ನೆನಪಿದೆ ಎಂಬುದೂ ತಿಳಿಯುತ್ತದೆ, ಗೌರವವೂ ಉಳಿಯುತ್ತದೆ.

ಮೂರನೆಯ ಭಾಗ: ಯಾವಾಗ?

ಇಲ್ಲಿ ‘ಬೈ’ ಮತ್ತು ‘ಟಿಲ್’ ಬೇರೆ ಬೇರೆ. ‘ಸೋಮವಾರದೊಳಗೆ’ ಎಂದರೆ ‘ಬೈ ಮಂಡೇ’. ‘ಸೋಮವಾರದವರೆಗೆ’ ಎಂದರೆ ‘ಟಿಲ್ ಮಂಡೇ’. ‘ಐ ವಿಲ್ ಬ್ರಿಂಗ್ ಇಟ್ ಬೈ ಮಂಡೇ’ ಎಂದರೆ ಸೋಮವಾರ ಕಳೆಯುವ ಮೊದಲು ತರುತ್ತೇನೆ ಎಂದು. ‘ಕ್ಯಾನ್ ಐ ಕೀಪ್ ದಿ ಬುಕ್ ಟಿಲ್ ಮಂಡೇ?’ ಎಂದರೆ ಅಲ್ಲಿಯ ತನಕ ಇಟ್ಟುಕೊಳ್ಳಬಹುದೇ ಎಂದು.

ಗೆಳೆಯರಿಗೆ ‘ಗಾಟ್ ಇಟ್’, ‘ವಿಲ್ ಡೂ’ ಚೆನ್ನಾಗಿರುತ್ತದೆ. ಉಪನ್ಯಾಸಕರಿಗೆ, ಆಫೀಸಿನವರಿಗೆ ಪೂರ್ತಿ ವಾಕ್ಯ ಬಳಸಿ. ‘ನೋಟೆಡ್’ ಎಂದು ಹಿರಿಯರಿಗೆ ಒಂದೇ ಪದ ಕಳುಹಿಸಿದರೆ ಅಪ್ಪಣೆಗೆ ಸಹಿ ಹಾಕಿದಂತಿರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಹೆಬ್ಬೆರಳ ಚಿತ್ರವೂ ಅಷ್ಟೇ.

ಒಂದು ಸಂಭಾಷಣೆ

ಆಫೀಸ್: ‘ಯುವರ್ ಇನ್‌ಕಮ್ ಸರ್ಟಿಫಿಕೇಟ್ ಈಸ್ ಸ್ಟಿಲ್ ಪೆಂಡಿಂಗ್.’
ವಿದ್ಯಾರ್ಥಿನಿ: ‘ಥ್ಯಾಂಕ್ ಯು ಫಾರ್ ರಿಮೈಂಡಿಂಗ್ ಮಿ, ಸರ್. ವಿ ಅಪ್ಲೈಡ್ ಫಾರ್ ಇಟ್ ಲಾಸ್ಟ್ ವೀಕ್. ಐ ವಿಲ್ ಬ್ರಿಂಗ್ ಇಟ್ ಬೈ ಥರ್ಸ್‌ಡೇ, ಇನ್‌ಶಾ ಅಲ್ಲಾಹ್.’

ಮೂರು ಭಾಗಗಳೂ ಇದರಲ್ಲಿವೆ. ಆಫೀಸಿನವರಿಗೆ ಇನ್ನು ಗುರುವಾರದವರೆಗೆ ಕಾಯಬಹುದು ಎಂದು ತಿಳಿಯಿತು.

‘ಇನ್‌ಶಾ ಅಲ್ಲಾಹ್’ ಬಗ್ಗೆ ಒಂದು ಮಾತು

ನಮ್ಮ ನಡುವೆ ಈ ಪವಿತ್ರ ಮಾತು ಕೆಲವೊಮ್ಮೆ ‘ನೋಡೋಣ’, ‘ಆಗಲಿಕ್ಕಿಲ್ಲ’ ಎಂಬ ಅರ್ಥಕ್ಕೆ ಇಳಿದಿದೆ. ದಿನ ಹೇಳದೆ ಬರಿಯ ‘ಇನ್‌ಶಾ ಅಲ್ಲಾಹ್ ಸರ್’ ಎಂದರೆ ಕೇಳಿದವರೂ ಹಾಗೆಯೇ ತಿಳಿದುಕೊಳ್ಳುತ್ತಾರೆ. ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದ 23 ಮತ್ತು 24ನೇ ಸೂಕ್ತಗಳು ನಾಳಿನ ಕೆಲಸದ ಬಗ್ಗೆ ಮಾತು ಕೊಡುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸಿ ಹೇಳಲು ಕಲಿಸುತ್ತವೆ. ಅದರ ಜೊತೆಯಲ್ಲೇ, ಮರೆತಾಗ ಪ್ರಭುವನ್ನು ಸ್ಮರಿಸಬೇಕೆಂಬ ಬೋಧನೆಯೂ ಇದೆ. ಮಾತು ಕೊಡುವವನ ವಿನಯಕ್ಕೆ ಬಂದ ಪದವನ್ನು ನಾವು ಮಾತು ತಪ್ಪಿಸಲು ಬಳಸಬಾರದು. ಮೊದಲು ದಿನ ಹೇಳಿ, ಆಮೇಲೆ ಇನ್‌ಶಾ ಅಲ್ಲಾಹ್ ಹೇಳಿ, ಆ ದಿನ ತಂದುಕೊಡಿ. ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ನಿಮ್ಮ ಮಾತಿಗೆ ಬೆಲೆ ಬರುವುದು ಗುರುವಾರ ಆ ಪ್ರಮಾಣಪತ್ರ ಮೇಜಿನ ಮೇಲೆ ಬಂದಾಗಲೇ.

ಅಭ್ಯಾಸ: ಸರಿಪಡಿಸಿ

1. ‘ಥ್ಯಾಂಕ್ಸ್ ಫಾರ್ ರಿಮೈಂಡ್ ಮಿ.’
2. ‘ಐ ಫರ್ಗಾಟ್ ಮೈ ಐಡಿ ಕಾರ್ಡ್ ಅಟ್ ಹೋಮ್.’
3. ‘ಐ ಹ್ಯಾವ್ ಪೇಡ್ ದಿ ಫೀ ಲಾಸ್ಟ್ ವೀಕ್.’
4. ‘ಪ್ಲೀಸ್ ರಿಮೆಂಬರ್ ಮಿ ಟು ಸೈನ್ ದಿ ಫಾರ್ಮ್.’
5. ‘ಐ ವಿಲ್ ರಿಟರ್ನ್ ದಿ ಬುಕ್ ಟಿಲ್ ಮಂಡೇ.’

ಉತ್ತರಗಳು: 1. ‘ರಿಮೈಂಡ್’ ಬದಲು ‘ರಿಮೈಂಡಿಂಗ್’. 2. ‘ಫರ್ಗಾಟ್’ ಬದಲು ‘ಲೆಫ್ಟ್’. 3. ‘ಹ್ಯಾವ್’ ಬೇಡ. 4. ‘ರಿಮೆಂಬರ್’ ಬದಲು ‘ರಿಮೈಂಡ್’. 5. ‘ಟಿಲ್’ ಬದಲು ‘ಬೈ’.

ಈ ವಾರ ಯಾರಾದರೂ ನಿಮಗೆ ಏನನ್ನಾದರೂ ನೆನಪಿಸಿದರೆ ಬರಿಯ ‘ಓಕೆ’ಗೆ ನಿಲ್ಲದೆ ಮೂರೂ ಭಾಗಗಳನ್ನು ಹೇಳಿ ನೋಡಿ. ಮೊದಲ ಸಲ ನಾಲಿಗೆ ತೊಡರಬಹುದು, ಮೂರನೆಯ ಸಲಕ್ಕೆ ಸಲೀಸಾಗುತ್ತದೆ. ಸಂದೇಹವಿದ್ದರೆ ಸ್ಟಾಫ್ ರೂಮಿಗೆ ಬಂದು ಕೇಳಿ.