ಗಾಯ ಮಾಯಿಸಿಕೊಳ್ಳುವ ಯಂತ್ರದ ಕೈ

ವಿದ್ಯಾರ್ಥಿಗಳೇ, ವಿಶಾಖಪಟ್ಟಣದ ಬಂದರಿನಲ್ಲಿ ಸರಕನ್ನೆತ್ತುವ ಕ್ರೇನುಗಳನ್ನು ನೀವು ನೋಡಿರಬಹುದು. ಅವುಗಳ ಉಕ್ಕಿನ ಕೊಕ್ಕೆ ಟನ್ನುಗಟ್ಟಲೆ ಭಾರವನ್ನು ತಾಳಬಲ್ಲುದು. ಆದರೆ ವಿಜಯವಾಡದ ಬಳಿ ನುನ್ನದ ಮಾರುಕಟ್ಟೆಗೆ ಬರುವ ಬಂಗನಪಲ್ಲಿ ಮಾವಿನಹಣ್ಣನ್ನು ಅದರಿಂದ ಹಿಡಿಯಲಾದೀತೆ? ಮೃದುವಾದ ವಸ್ತುವಿಗೆ ಮೃದುವಾದ ಕೈಯೇ ಬೇಕು.

ಇದಕ್ಕಾಗಿ ವಿಜ್ಞಾನಿಗಳು ಯಂತ್ರಮಾನವನಿಗೆ ರಬ್ಬರಿನಂಥ ಪದಾರ್ಥದ ಟೊಳ್ಳು ಬೆರಳುಗಳನ್ನು ರಚಿಸಿದ್ದಾರೆ. ಒಳಗೆ ಗಾಳಿಯನ್ನು ತುಂಬಿದರೆ ಬೆರಳಿನ ಒಂದು ಬದಿ ಹೆಚ್ಚು ಹಿಗ್ಗಿ, ಬೆರಳು ಮತ್ತೊಂದು ಬದಿಗೆ ಬಾಗಿ, ಹಣ್ಣನ್ನು ಮೆಲ್ಲಗೆ ಅಪ್ಪಿಕೊಳ್ಳುತ್ತದೆ. ಆದರೆ ಈ ಮೃದುತ್ವವೇ ಅದರ ದೌರ್ಬಲ್ಯವೂ ಹೌದು. ಮುಳ್ಳು ತಗುಲಿ ಚಿಕ್ಕ ರಂಧ್ರವಾದರೂ ಗಾಳಿ ಸೋರಿ ಬೆರಳು ನಿರುಪಯುಕ್ತವಾಗುವುದು. ಸಾಮಾನ್ಯ ರಬ್ಬರಿನ ಅಣುಬಂಧಗಳು ಒಮ್ಮೆ ಹರಿದರೆ ಮತ್ತೆ ಕೂಡಲಾರವು. ಆದುದರಿಂದ ಬೆರಳನ್ನೇ ಎಸೆಯಬೇಕಾಗುವುದು.

೨೦೧೭ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸಿನ ವ್ರೈಯೆ ವಿಶ್ವವಿದ್ಯಾಲಯದ ಸೆಪ್ಪೆ ಟೆರಿನ್, ಬ್ರಾಮ್ ವಾಂಡರ್‌ಬೋರ್ಟ್ ಮತ್ತು ಅವರ ಸಂಗಡಿಗರು ಗಾಯವನ್ನು ಮಾಯಿಸಿಕೊಳ್ಳಬಲ್ಲ ಇಂಥ ಕೈಯೊಂದನ್ನು ರಚಿಸಿ ತೋರಿಸಿದರು. ಇದಕ್ಕೆ ಆಧಾರವಾದ ರಾಸಾಯನಿಕ ಕ್ರಿಯೆಯನ್ನು ೧೯೨೮ರಲ್ಲಿಯೇ ವಿವರಿಸಿದವರು ಜರ್ಮನಿಯ ಆಟೋ ಡೀಲ್ಸ್ ಮತ್ತು ಕುರ್ಟ್ ಆಲ್ಡರ್. ಅವರಿಗೆ ೧೯೫೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಿಜಯವಾಡ ಜಂಕ್ಷನ್ನಿನ ಗೂಡ್ಸ್ ಗಾಡಿಯನ್ನು ನೆನೆಯಿರಿ. ಬೋಗಿಗಳನ್ನು ಒಡೆಯದೆಯೇ ನಡುವಣ ಕೊಂಡಿಯನ್ನು ಬಿಡಿಸಬಹುದು. ಬೋಗಿಗಳನ್ನು ಮತ್ತೆ ಹತ್ತಿರ ತಂದು ಕೊಂಡಿ ಹಾಕಬಹುದು. ಈ ಪದಾರ್ಥದ ಅಣುಸರಪಳಿಗಳ ನಡುವೆಯೂ ಫ್ಯೂರಾನ್, ಮಾಲಿಮೈಡ್ ಎಂಬ ಎರಡು ಅಣುಗುಂಪುಗಳು ಕೂಡಿ ಆದ ಕೊಂಡಿಗಳಿವೆ. ಬೆರಳನ್ನು ಕೊಯ್ದಾಗ ಮೊದಲು ಬಿಡುವುವು ಈ ಕೊಂಡಿಗಳೇ. ಸುಮಾರು ೮೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಇನ್ನಷ್ಟು ಕೊಂಡಿಗಳು ಬಿಟ್ಟು, ಸರಪಳಿಗಳು ಚಲಿಸತೊಡಗಿ, ಗಾಯದ ಸಂದು ಮುಚ್ಚುತ್ತದೆ. ಆರಿದಂತೆ ಕೊಂಡಿಗಳು ಪುನಃ ಕೂಡುತ್ತವೆ. ಸೈಕಲ್ ಟ್ಯೂಬಿಗೆ ಹಚ್ಚುವ ತೇಪೆಯಂತೆ ಇಲ್ಲಿ ಹೊರಗಿನ ಅಂಟು ಬೇಕಿಲ್ಲ. ಮಾಯ್ದ ಬೆರಳು ಹೆಚ್ಚುಕಡಿಮೆ ಮೊದಲಿನಂತೆಯೇ ಕೆಲಸ ಮಾಡಿತು. ಕಲೆಯ ಸ್ಥಳವೂ ದುರ್ಬಲವಾಗಲಿಲ್ಲ. ಈ ಪದಾರ್ಥವನ್ನು ಕಾಯಿಸಿ ಮರಳಿ ಬಳಸಲೂಬಹುದು.

ಆದರೂ ಇದನ್ನು ನಮ್ಮ ಚರ್ಮಕ್ಕೆ ಸಮವೆನ್ನಲಾಗದು. ಚರ್ಮದ ಗಾಯಕ್ಕೆ ರಕ್ತವು ಹೊಸ ಸಾಮಗ್ರಿಯನ್ನು ತಂದೊದಗಿಸುತ್ತದೆ. ಈ ಕೈಗೆ ಆ ಅನುಕೂಲವಿಲ್ಲ. ಗಾಯದ ಅಂಚುಗಳು ಒಂದಕ್ಕೊಂದು ತಾಗಿರಬೇಕು. ಶಾಖವೂ ಸಮಯವೂ ಬೇಕು. ತುಂಡು ಕಳೆದುಹೋದರೆ ಅದು ತಾನಾಗಿ ಬೆಳೆಯದು.

ಕೊನೆಯಲ್ಲಿ ನಿಮಗೊಂದು ಪ್ರಶ್ನೆ: ಮುರಿದ ಮೇಣದ ತುಂಡುಗಳನ್ನು ಕಾಯಿಸಿ ಕೂಡಿಸಬಹುದು, ಹರಿದ ಬಲೂನನ್ನು ಹಾಗೆ ಕೂಡಿಸಲಾಗದು. ಕಾರಣವೇನೆಂದು ಯೋಚಿಸಿ ನಿಮ್ಮ ಪುಸ್ತಕದಲ್ಲಿ ಬರೆಯಿರಿ.